ಪಾಪುವಿಗೆ ತಂದರೆ ಪಾಪ ಇಲ್ಲ

ಆ ದಿನಗಳಲ್ಲಿ ಪರ್ಕಳದ ನಮ್ಮ ಮನೆಯಲ್ಲಿ ಎರಡು ತೋಳಿರುವ ಸ್ವೆಟರ್ ಕಾಣಬೇಕಾದರೆ ಪುಣ್ಯ ಮಾಡಿರಬೇಕಿತ್ತು. ಇದ್ದವೆಲ್ಲ ಒಂಟಿ ತೋಳಿನವು. ಕುರ್ಚಿಯ ಬೆನ್ನಿಗೆ ಒಂದು, ಕಿಟಕಿಯ ಸರಳಿಗೆ ಒಂದು, ಹೊಲಿಗೆ ಮಿಶನಿನ ಕೆಳಗಿನ ಬುಟ್ಟಿಯಲ್ಲಿ ಮೂರೋ ನಾಲ್ಕೋ. ಬಂದ ನೆಂಟರು ಹೆಣಿಗೆ ಕಡ್ಡಿ ಚುಚ್ಚೀತೆಂದು ಕೈಯಾಡಿಸಿ ನೋಡಿಯೇ ಕೂರುತ್ತಿದ್ದರು. ಉಡುಪಿಯ ಸೆಕೆಯಲ್ಲಿ ಉಣ್ಣೆ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನನ್ನ ಅಮ್ಮನೂ ದಿನಾ ಅದನ್ನೇ ಕೇಳುತ್ತಿದ್ದಳು.

ಇದೆಲ್ಲ ಅಮ್ಮನ ಅಕ್ಕ, ನಮ್ಮ ಮಾವ್ಶಿಯ ಕಾರುಬಾರು. ಅವಳು ಮದುವೆಯಾಗಿರಲಿಲ್ಲ. ಪಪ್ಪ ಮಸ್ಕತ್ತಿನಲ್ಲಿದ್ದರು, ಹಾಗಾಗಿ ಮನೆಯಲ್ಲಿ ನಾವು ಮೂವರೇ. ಮಾವ್ಶಿ ಊರವರ ರವಿಕೆ, ಲಂಗ ಹೊಲಿಯುತ್ತಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ಪರಿಚಯದವರ ಮಗು ಹುಟ್ಟಿದರೆ ಸಾಕು, ಟೊಪ್ಪಿ, ಕಾಲುಚೀಲ, ಸ್ವೆಟರ್ ಹೆಣೆಯಲು ಕೂರುತ್ತಿದ್ದಳು. ಬೆಳಿಗ್ಗೆ ರವಿಕೆ, ಹತ್ತು ಗಂಟೆಗೆ ಟೊಪ್ಪಿ, ಬಂಗುಡೆ ಸಾರು ಕುದಿಯುವಷ್ಟರಲ್ಲಿ ಒಂದು ಲಂಗದ ಅಂಚು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವುದು, ಬೇಸರ ಬಂದರೆ ಇನ್ನೊಂದನ್ನು ಎತ್ತಿಕೊಳ್ಳುವುದು. ನಾನು ಅವಳ ಗುಂಡಿಡಬ್ಬಿ ಸುರಿದುಕೊಂಡು ಒಬ್ಬಳೇ ಚೆನ್ನೆಮಣೆ ಆಡುತ್ತಿದ್ದೆ. ಮಿಶನಿನ ಎಣ್ಣೆ, ಡಾಂಬರು ಗುಳಿಗೆ, ಹೊಸ ಬಟ್ಟೆಯ ಗಂಜಿ, ಈ ಮೂರೂ ಸೇರಿದ ವಾಸನೆ ಇವತ್ತು ಎಲ್ಲಿ ಬಂದರೂ ನನಗೆ ಒಂಬತ್ತು ವರ್ಷ.

ತೋಳಿನ ವಿಷಯದಲ್ಲಿ ಮಾತ್ರ ಅವಳದ್ದು ಒಂದೇ ಹಟ. ಒಂದು ತೋಳು ಮುಗಿಸಿ, ಅದನ್ನು ಹಾಕಿಕೊಳ್ಳುವವರ ಕೈಗೆ ತೊಡಿಸಿ ನೋಡದೆ ಎರಡನೆಯದನ್ನು ಶುರು ಮಾಡುವವಳಲ್ಲ. "ಟೇಪು ಸುಳ್ಳು ಹೇಳ್ತದೆ ಮಗಾ, ಕೈ ಹೇಳುವುದಿಲ್ಲ" ಎನ್ನುತ್ತಿದ್ದಳು. ಕೈಯ ಯಜಮಾನರು ಬರುವುದು ತಡವಾದರೆ ಸ್ವೆಟರ್ ಕಿಟಕಿಯಲ್ಲಿ ನೇತಾಡುತ್ತಿತ್ತು. ಅಷ್ಟರಲ್ಲಿ ಅವಳು ಹೊಸ ಉಣ್ಣೆ ತಂದಾಗಿರುತ್ತಿತ್ತು.

ಉಡುಪಿಯ ಅಂಗಡಿಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಮಾವ್ಶಿ ಬೇರೆಯೇ ಮನುಷ್ಯಳು. ಉಣ್ಣೆಯ ಉಂಡೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ, ಬಟ್ಟೆಯ ಥಾನು ಬಿಡಿಸಿ ಬೆಳಕಿಗೆ ಹಿಡಿಯುತ್ತಾಳೆ. ಅಂಗಡಿಯ ಕಾಮತರು ನಗುತ್ತಾ, "ಹೋದ ವಾರದ್ದು ಮುಗೀತಾ ಬಾಯಿ?" ಎಂದು ಕೇಳಿದರೆ ಅವಳ ಉತ್ತರ ಸಿದ್ಧ: "ಇದು ನನಗಲ್ಲ ಮಾರಾಯ್ರೆ. ಪಾಪುವಿಗೆ ತಂದರೆ ಪಾಪ ಇಲ್ಲ."

ಈ ಮಾತನ್ನು ಅವಳು ಕನ್ನಡದಲ್ಲಿಯೇ ಹೇಳಬೇಕಿತ್ತು. ನಮ್ಮ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ಪಾಪು ಎಂದರೆ ಬಾಳ್, ಪಾಪ ಎಂದರೆ ಪಾತಕ್. ಎಷ್ಟು ತಿರುಚಿದರೂ ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಸಿಕ್ಕಿದ ಕ್ಷಮೆ ಮನೆಯ ಬಾಗಿಲವರೆಗೆ ಮಾತ್ರ ನಡೆಯುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಅಮ್ಮ ಕೊಂಕಣಿಯಲ್ಲಿ ಶುರು ಮಾಡುತ್ತಿದ್ದಳು. ಮಾವ್ಶಿ ಚೀಲವನ್ನು ನನ್ನ ಬೆನ್ನ ಹಿಂದೆ ಅಡಗಿಸುತ್ತಿದ್ದಳು.

ಆ ವರ್ಷ ಎಪ್ರಿಲಿನಲ್ಲಿ ಚರ್ಚಿನಲ್ಲಿ ನನ್ನ ಮೊದಲ ಪರಮಪ್ರಸಾದ. ಬಿಳಿ ಫ್ರಾಕು ಬೇಕು. ಧರ್ಮೋಪದೇಶ ಕಲಿಸುವ ಸಿಸ್ಟರ್ ಖಡಾಖಂಡಿತವಾಗಿ ಹೇಳಿದ್ದರು: ತೋಳು ಮೊಣಕೈ ದಾಟಿರಬೇಕು, ಇಲ್ಲದವರು ಸಾಲಿನಲ್ಲಿ ನಿಲ್ಲುವುದು ಬೇಡ. ಗೆಳತಿಯರೆಲ್ಲ ಸ್ಯಾಟಿನ್ ಎಂದರು. ಮಾವ್ಶಿ ಕೇಳಲಿಲ್ಲ. "ಎಪ್ರಿಲ್ ಸೆಕೆಗೆ ಸ್ಯಾಟಿನ್ ಹಾಕಿದರೆ ಹುಡುಗಿ ಕಡುಬಿನ ಹಾಗೆ ಬೇಯ್ತಾಳೆ" ಎಂದು ಗಾಳಿಯಷ್ಟು ಹಗುರವಾದ ಬಿಳಿ ಹತ್ತಿ ಬಟ್ಟೆ ತಂದಳು. ಥಾನಿನ ಕೊನೆಯ ತುಂಡು ಅದು. ಮೈ, ಲಂಗ, ಲೇಸು ಎಲ್ಲ ಆಯಿತು. ಎರಡು ತೋಳಿನ ಬಟ್ಟೆ ಕತ್ತರಿಸಿ ಮಡಚಿಟ್ಟಳು. ಇನ್ನು ನಾಲ್ಕು ದಿನ ಉಂಟು ಎಂದು ಮಧ್ಯೆ ಯಾರದ್ದೋ ರವಿಕೆ ಎತ್ತಿಕೊಂಡಳು. ನಾನು ದಿನಕ್ಕೆ ಹತ್ತು ಸಲ "ನನ್ನ ಕೈ ಯಾವಾಗ?" ಎಂದು ಕೇಳುತ್ತಿದ್ದೆ.

ನಮ್ಮ ಮಾಳಿಗೆಯ ಕೋಣೆಯಲ್ಲಿ ಕಲಬುರಗಿ ಕಡೆಯ ಶರಣಪ್ಪ, ಅವನ ಹೆಂಡತಿ ಸುವರ್ಣಕ್ಕ ಬಾಡಿಗೆಗಿದ್ದರು. ಅವನಿಗೆ ಮಣಿಪಾಲದಲ್ಲಿ ಕಟ್ಟಡದ ಕೆಲಸ. ಸುವರ್ಣಕ್ಕ ಬಸುರಿ. ಅವಳ ಪಾಪುವಿಗೆಂದು ಮಾವ್ಶಿ ನೀಲಿ ಉಣ್ಣೆ ತಂದು ಸ್ವೆಟರ್ ಶುರು ಮಾಡಿಯೂ ಆಗಿತ್ತು. ಆದರೆ ಮಗು ಕಾಯಲಿಲ್ಲ. ಗಂಡು ಮಗು, ಎರಡು ತಿಂಗಳು ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತು.

ಶರಣಪ್ಪ ಆಸ್ಪತ್ರೆಯಿಂದ ಬಂದು ಬಾಗಿಲಲ್ಲಿ ನಿಂತ. "ಕೂಸು ಭಾಳ ಸಣ್ಣದದ್ರಿ ಅಮ್ಮಾರ. ಅಂಗೈದಾಗ ಹಿಡಿಸ್ತದ. ಮೆತ್ತನ್ನ ಅರಿವಿದು ಅಂಗಿ ತಾ ಅಂದಾರ್ರಿ. ಅಂಗಡ್ಯಾಗ ಅಷ್ಟು ಸಣ್ಣಂದು ಸಿಗವಲ್ದು."

ಮಾವ್ಶಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮಡಚಿಟ್ಟಿದ್ದ ನನ್ನ ತೋಳುಗಳನ್ನು ತೆಗೆದಳು. ಮುಂದೆ ಸೀಳಿ, ಅಂಚು ಮಡಚಿ, ಎರಡು ಕಡೆ ಲಾಡಿ ಇಟ್ಟಳು. ಅರ್ಧ ಗಂಟೆಯಲ್ಲಿ ನನ್ನ ಒಂದೊಂದು ತೋಳೂ ಒಂದೊಂದು ಇಡೀ ಮಗುವಿನ ಅಂಗಿಯಾಯಿತು. ಜೀವಮಾನದಲ್ಲಿ ಅವಳು ಒಂದೇ ಕೂತಲ್ಲಿ ಮುಗಿಸಿದ ಕೆಲಸ ಅದೊಂದೇ ಇರಬೇಕು.

ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. "ಒಂದನ್ನಾದರೂ ಬಿಡು!"

"ತೊಳೆದು ಹಾಕಲಿಕ್ಕೆ ಎರಡು ಬೇಕಲ್ವಾ ಮಗಾ. ನಿನಗೆ ಬೇರೆ ಮಾಡಿಕೊಡ್ತೇನೆ."

"ಆ ಪಾಪು ಸಾಯ್ಲಿ!" ಎಂದೆ. ಕನ್ನಡದಲ್ಲಿಯೇ ಹೇಳಿದೆ, ಶರಣಪ್ಪನಿಗೆ ತಿಳಿಯಲಿ ಎಂದೇ.

ಅವನ ಎದುರು ಮಾವ್ಶಿ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಶರಣಪ್ಪ ಅಂಗಿಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಸಣ್ಣ ಹುಡುಗಿ, ಅದಕ್ಕೇನ್ ತಿಳೀತದ, ಬಿಡ್ರಿ" ಎಂದು ಮೆಟ್ಟಿಲು ಇಳಿದು ಹೋದ. ನನಗೆ ಎಲ್ಲ ತಿಳಿದಿತ್ತು.

ಮರುದಿನ ನನ್ನ ಮೊದಲ ಪಾಪನಿವೇದನೆ. ಸುಳ್ಳು ಹೇಳಿದ್ದು, ಬೆಲ್ಲ ಕದ್ದದ್ದು ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಫಾದರ್ ಕೂತಿದ್ದ ಜಾಲರಿಯ ಎದುರು ಮೊಣಕಾಲೂರಿದಾಗ ಅದೆಲ್ಲ ಮರೆತುಹೋಯಿತು. "ಒಂದು ಪಾಪು ಸಾಯಲಿ ಅಂದೆ ಫಾದರ್" ಎಂದೆ. "ಮಗು ಈಗ ಹೇಗುಂಟು?" ಎಂದು ಆ ಕಡೆಯಿಂದ ಕೇಳಿದರು. ಗೊತ್ತಿಲ್ಲ ಎಂದೆ. ಪ್ರಾಯಶ್ಚಿತ್ತಕ್ಕೆ ಮೂರು ನಮಾನ್ ಮರಿಯೆ ಪ್ರಾರ್ಥನೆ ಹೇಳಲು ಕೊಟ್ಟರು. ನಾನು ಮೂವತ್ತು ಹೇಳಿದೆ. ಸಾಕಾಯಿತೋ ಇಲ್ಲವೋ, ಕೇಳುವುದು ಯಾರನ್ನು?

ಇತ್ತ ಮಾವ್ಶಿ ಉಡುಪಿ, ಕಾರ್ಕಳ ಎರಡೂ ಸುತ್ತಿ ಬಂದಳು. ಆ ಬಟ್ಟೆ ಎಲ್ಲೂ ಇಲ್ಲ. ಉಳಿದ ಬಿಳಿಗಳೆಲ್ಲ ನನ್ನ ಫ್ರಾಕಿನ ಪಕ್ಕ ಇಟ್ಟರೆ ಅರಸಿನ ಬಡಿದ ಹಾಗೆ ಕಾಣುತ್ತಿದ್ದವು. ಕೊನೆಗೆ ಅವಳ ಬುಟ್ಟಿಯಲ್ಲಿ ಸರಿಯಾಗಿ ಹೊಂದಿದ್ದು ಒಂದೇ, ಬಿಳಿ ಉಣ್ಣೆ. ಹೌದು, ಎಪ್ರಿಲ್ ತಿಂಗಳಲ್ಲಿ, ಗಾಳಿಯಷ್ಟು ಹಗುರವಾದ ಫ್ರಾಕಿಗೆ ಉಣ್ಣೆಯ ತೋಳು! ಎರಡನೆಯದನ್ನು ಭಾನುವಾರ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ನಿಂತುಕೊಂಡೇ ಜೋಡಿಸಿದಳು. ಗಂಟೆ ಹೊಡೆದಾಗ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ನನ್ನನ್ನು ಸಾಲಿಗೆ ದೂಡಿದಳು. ಪೂಜೆ ಮುಗಿಯುವವರೆಗೆ ತೋಳೆಲ್ಲ ತುರಿಕೆ, ಬೆವರು. ಕೈ ಮುಗಿದುಕೊಂಡವಳು ತುರಿಸುವುದಾದರೂ ಹೇಗೆ? ಪಾಪಕ್ಕೆ ಸರಿಯಾದ ಶಿಕ್ಷೆ ಎಂದುಕೊಂಡು ಸಹಿಸಿಕೊಂಡೆ. ಪರಮಪ್ರಸಾದ ನಾಲಿಗೆಯ ಮೇಲಿದ್ದಾಗ ನಾನು ಬೇಡಿಕೊಂಡದ್ದು ಒಂದನ್ನೇ.

ಊಟಕ್ಕೆ ಕಟಪಾಡಿಯ ಅಜ್ಜಿಮನೆಗೆ ಹೋದೆವು. ಸಾನ್ನ, ಕೋಳಿಸಾರು, ನೆಂಟರು, ಎರಡು ದಿನ ಅಲ್ಲೇ ಕಳೆಯಿತು. ಮಂಗಳವಾರ ಬಂದು ನೋಡಿದರೆ ಮಾಳಿಗೆಯ ಕೋಣೆಗೆ ಬೀಗ. ಬೀಗದ ಕೈಯನ್ನು ಪಕ್ಕದ ಜೀನಸು ಅಂಗಡಿಯಲ್ಲಿ ಕೊಟ್ಟು ಹೋಗಿದ್ದರು.

"ಊರಿಗೆ ಹೋಗ್ತೇವೆ ಅಂದ, ಅಷ್ಟೇ" ಎಂದರು ಅಂಗಡಿಯ ಶೆಟ್ಟರು.

"ಪಾಪು ಹೇಗಿತ್ತು?" ಮಾವ್ಶಿ ಕೇಳಿದಳು.

"ಅದು ಗೊತ್ತಾಗಲಿಲ್ಲ ಬಾಯಿ. ಆಟೋದಲ್ಲಿ ಅವನ ಹೆಂಡತಿಯ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ್ದು ಎಂತದೋ ಇತ್ತು. ಅವಳು ಅಳ್ತಾ ಇದ್ದಳು. ಕೇಳುವುದು ಹೇಗೆ?"

ಮಾವ್ಶಿ ಆಸ್ಪತ್ರೆಗೆ ಹೋದಳು. ಸಂಬಂಧಿಕರಿಗೆ ಮಾತ್ರ ಹೇಳುವುದು ಎಂದರು. ಶರಣಪ್ಪ ಹಿಂದೆ ಯಾವಾಗಲೋ ಬರೆದುಕೊಟ್ಟಿದ್ದ ಅವನ ಊರಿನ ಫೋನು ಒಂದು ವಾರ ರಿಂಗಾಯಿತು, ಯಾರೂ ಎತ್ತಲಿಲ್ಲ. ಆಮೇಲೆ ಅದೂ ನಿಂತಿತು. ನೀಲಿ ಸ್ವೆಟರಿಗೆ ಅಷ್ಟರಲ್ಲಿ ಒಂದು ತೋಳು ಆಗಿತ್ತು. ಅದು ಕಿಟಕಿಯ ಸರಳಿನಲ್ಲೇ ಉಳಿಯಿತು. ನಾನು ಆ ಕಿಟಕಿಯ ಕಡೆ ಬೆನ್ನು ಹಾಕಿ ಊಟ ಮಾಡಲು ಕಲಿತೆ.

ಇದಾಗಿ ಇಪ್ಪತ್ತಮೂರು ವರ್ಷ. ಅಮ್ಮ ತೀರಿಕೊಂಡಳು. ಕಾಮತರ ಅಂಗಡಿ ಇದ್ದಲ್ಲಿ ಈಗ ಮೊಬೈಲು ಮಾರುತ್ತಾರೆ. ಮಾವ್ಶಿ ನನ್ನ ಜೊತೆಗಿದ್ದಾಳೆ, ಕಣ್ಣು ಮಂಜಾಗಿದೆ, ಬೆರಳಿನಲ್ಲಿ ತಡವಿಯೇ ಹೆಣೆಯುತ್ತಾಳೆ. ಕಳೆದ ತಿಂಗಳು ಅವಳ ಪೆಟ್ಟಿಗೆಗೆ ಹುಳ ಬಿದ್ದಿದೆಯೋ ಎಂದು ಎಲ್ಲವನ್ನೂ ಬಿಸಿಲಿಗೆ ಹರಡಿದೆ. ಎಲ್ಲ ನೀಲಿ ಸ್ವೆಟರುಗಳು. ಮೊದಲನೆಯದು ನನ್ನ ಅಂಗೈಯಷ್ಟು, ಅದರ ಪಕ್ಕದ್ದು ಸ್ವಲ್ಪ ದೊಡ್ಡದು, ಅದರ ಪಕ್ಕದ್ದು ಇನ್ನೂ ದೊಡ್ಡದು. ಒಂದಕ್ಕೂ ಎರಡನೇ ತೋಳಿಲ್ಲ. ವರ್ಷಕ್ಕೊಂದು ಹೆಣೆದಿದ್ದಳು, ನನಗೆ ಒಂದು ಮಾತು ಹೇಳದೆ. ಅಂಗಳದಲ್ಲಿ ಕೂತು ಅತ್ತುಬಿಟ್ಟೆ.

ಮೊನ್ನೆ ಅವಳಿಗೆ ಮತ್ತೆ ನೀಲಿ ಉಣ್ಣೆ ಬೇಕಾಯಿತು. ಉಡುಪಿಯ ಹೊಸ ಅಂಗಡಿಯಲ್ಲಿ ಹುಡುಗಿ ಕೇಳಿದಳು, "ಯಾರಿಗೆ ಮೇಡಂ?"

"ಪಾಪುವಿಗೆ" ಎಂದೆ.

"ಎಷ್ಟು ತಿಂಗಳು?"

ಎಂಟು ಉಂಡೆ ಕೊಡಿ ಎಂದೆ. ಅವಳು ಒಂದು ಸಲ ನನ್ನ ಮುಖ ನೋಡಿ ಕಟ್ಟಿಕೊಟ್ಟಳು.

ನಿನ್ನೆ ಸಂಜೆ ಈ ವರ್ಷದ್ದಕ್ಕೆ ಒಂದು ತೋಳು ಮುಗಿಯಿತು. ಮಾವ್ಶಿ ನನ್ನನ್ನು ಹತ್ತಿರ ಕರೆದು, "ಕೈ ಕೊಡು" ಎಂದಳು. ತೋಳನ್ನು ನನ್ನ ಕೈಗೆ ತೊಡಿಸಿ, ಭುಜದಿಂದ ಮಣಿಕಟ್ಟಿನವರೆಗೆ ಸವರಿದಳು. ನನ್ನ ಮಣಿಕಟ್ಟು ದಾಟಿ ನಾಲ್ಕು ಇಂಚು ಉಣ್ಣೆ ಜೋಲುತ್ತಿತ್ತು.

"ಉದ್ದ ಆಯ್ತು ಮಾವ್ಶಿ" ಎಂದೆ.

"ನಿನಗೆ ಉದ್ದವೇ. ಅವನು ಈಗ ಗಂಡಸಲ್ವಾ" ಎಂದಳು.