ಹಳ್ಳದ ನೀರಿಗೆ ಮುಚ್ಚಳ

ನಾನು ಚಿಕ್ಕವನಿದ್ದಾಗ ನಮ್ಮೂರ ಹಳ್ಳಕ್ಕೆ ನೀರು ಕುಡಿಯುವವರು ಎರಡು ಪಾಳಿಯಲ್ಲಿ ಬರುತ್ತಿದ್ದರು. ಹಗಲು ನಮ್ಮ ಪಾಳಿ. ಹೊತ್ತು ಮುಳುಗಿದ ಮೇಲೆ ಕಾಡಿನವರ ಪಾಳಿ. ಕಾಡಿನವರು ಅಂದರೆ ಜಿಂಕೆ, ಕಡವೆ, ಮುಳ್ಳುಹಂದಿ, ಕೆಲವು ವರ್ಷ ಆನೆ. ರಾಮಾಪುರ ದಾಟಿ ಹೂಗ್ಯಂ ಕಡೆ ಹೋಗುವಾಗ ಕಾಡಿಗೆ ಬೆನ್ನು ಕೊಟ್ಟು ಕೂತಿದೆಯಲ್ಲ, ಅದೇ ನಮ್ಮೂರು. ಊರ ಹಿಂದಿನ ಹಳ್ಳ ಮಳೆಗಾಲದಲ್ಲಿ ಎಷ್ಟು ಜೋರು ಮಾಡುತ್ತಿತ್ತೆಂದರೆ ಮನೆಯೊಳಗೆ ಆಡಿದ ಮಾತು ಕೇಳಿಸುತ್ತಿರಲಿಲ್ಲ. ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಅದರ ಜೋರೆಲ್ಲ ಇಳಿದು ಬರೀ ಮರಳು ಉಳಿಯುತ್ತಿತ್ತು.

ಆ ಮರಳನ್ನು ದೊಡ್ಡ ಹೊಂಗೆಮರದ ಬುಡದ ಹತ್ತಿರ ತೋಡಿದರೆ ತಣ್ಣನೆಯ ನೀರು ಒಸರುತ್ತಿತ್ತು. ಅದೇ ನಮ್ಮ ಒರತೆ. ಹೆಂಗಸರು ಅದರ ಸುತ್ತ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಬಿಂದಿಗೆ ತುಂಬುತ್ತಿದ್ದರು. ಸಂಜೆ ಕೊನೆಗೆ ಏಳುವವರಿಗೆ ಮಾತ್ರ ಒಂದು ಕೆಲಸ ಹೆಚ್ಚು. ಗುಂಡಿಯ ಕೆಸರನ್ನು ಬಳಿದು ಆಚೆ ಹಾಕಿ, ಕಾಡಿನ ಕಡೆಯ ಅಂಚನ್ನು ಅಂಗೈಯಿಂದ ಸವರಿ ಇಳಿಜಾರು ಮಾಡಿ ಬರಬೇಕಿತ್ತು. ಮರಿಗಳು ಜಾರಿ ಬೀಳದೆ ಬಗ್ಗಿ ಕುಡಿಯಲಿ ಅಂತ. ಇದನ್ನು ಯಾರೂ ಯಾರಿಗೂ ಕಲಿಸಿದ್ದು ನನಗೆ ಗೊತ್ತಿಲ್ಲ. ಮಾಡದೆ ಬಂದವರಿಗೆ ಬೈಗುಳ ಬೀಳುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬೆಳಿಗ್ಗೆ ನೀರಿಗೆ ಹೋದಾಗ ಮರಳಿನ ತುಂಬ ಹೆಜ್ಜೆಗಳು. ಅವನ್ನು ಓದುವುದರಲ್ಲಿ ನನ್ನ ಅಕ್ಕನನ್ನು ಮೀರಿಸುವವರು ಇರಲಿಲ್ಲ. ಇದು ಕಡವೆ, ಮರಿ ಪಕ್ಕದಲ್ಲೇ ಇತ್ತು ಅನ್ನುವಳು. ಮುಳ್ಳುಹಂದಿ ನಡೆದು ಹೋದಲ್ಲಿ ಮುಳ್ಳು ಗೀರಿದ ಗೆರೆ ತೋರಿಸುವಳು. ಮರಳು ಇನ್ನೂ ಒದ್ದೆಯಾಗಿದ್ದರೆ ಈಗಷ್ಟೇ ಎದ್ದು ಹೋಗಿದೆ ನೋಡು ಎಂದು ಪಿಸುಗುಟ್ಟುವಳು. ಆಗ ನನಗೆ ಬೆನ್ನು ಜುಮ್ಮೆನ್ನುತ್ತಿತ್ತು. ಶಾಲೆಯಲ್ಲಿ ಅಕ್ಕ ಲೆಕ್ಕದಲ್ಲಿ ಅಷ್ಟಕ್ಕಷ್ಟೆ. ಹೊಂಗೆಮರದ ಬುಡದಲ್ಲಿ ಮಾತ್ರ ಅವಳೇ ಮೇಷ್ಟ್ರು.

ಆದರೆ ಒರತೆಯ ನೀರು ತಣ್ಣಗಿದ್ದಷ್ಟು ಶುದ್ಧವಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ನನ್ನ ಪುಟ್ಟ ತಂಗಿಗೆ ವಾಂತಿಭೇದಿ ಹತ್ತಿ ಕಣ್ಣು ಗುಳಿಬಿದ್ದವು. ಅಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ರಾಮಾಪುರಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಕಾಮಗೆರೆ ಆಸ್ಪತ್ರೆ ಸೇರಿಸಿದ. ತಂಗಿ ಉಳಿದಳು. ಅವ್ವ ಆವತ್ತಿನಿಂದ ಒರತೆಯ ನೀರನ್ನು ಕಂಡರೆ ಹೆದರುತ್ತಿದ್ದಳು. ಅದನ್ನೇ ಬಿಂದಿಗೆಗೆ ತುಂಬುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಪಂಚಾಯ್ತಿ ಚುನಾವಣೆ ಬಂದಾಗ ಅಪ್ಪ ನಿಂತದ್ದು ಅವಳಿಗಾಗಿಯೇ. ಹಳ್ಳದಲ್ಲಿ ಸಿಮೆಂಟಿನ ರಿಂಗು ಇಳಿಸಿ, ಮುಚ್ಚಳ ಹಾಕಿಸಿ, ಊರಿಗೆ ಒಳ್ಳೆಯ ನೀರು ಕೊಡಿಸುತ್ತೇನೆ ಎಂದ. ಬೇರೆ ಭಾಷಣ ಅಪ್ಪನಿಗೆ ಬರುತ್ತಲೂ ಇರಲಿಲ್ಲ. ಗೆದ್ದ. ಹೇಳಿದ ಹಾಗೆ ರಿಂಗನ್ನೂ ತರಿಸಿದ.

ಮಾರನೆಯ ಬೇಸಿಗೆಯಲ್ಲಿ ಹೊಂಗೆಮರದ ಪಕ್ಕ ರಿಂಗುಗಳು ಒಂದರ ಮೇಲೊಂದು ಇಳಿದವು. ಮೇಲಿನದು ನನ್ನ ಎದೆಯೆತ್ತರ ನಿಂತಿತು. ಅದರ ಮೇಲೆ ದಪ್ಪ ಮುಚ್ಚಳ, ಹಗ್ಗ ಇಳಿಬಿಡಲು ಒಂದು ಕಬ್ಬಿಣದ ಬಾಗಿಲು. ಸೇದಿದ ನೀರು ಗಾಜಿನಂತೆ ತಿಳಿ. ಅವ್ವ ಮೊದಲ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಸುಮ್ಮನೆ ಅತ್ತುಬಿಟ್ಟಳು. ಇನ್ನು ಯಾರು ಕೂತು ಮರಳು ತೋಡುತ್ತಾರೆ ಹೇಳಿ? ಹಳೆಯ ಗುಂಡಿ ಗಾಳಿಗೆ ಮುಚ್ಚಿಹೋಯಿತು. ಆ ವರ್ಷ ಆನೆಗಳೂ ನಮ್ಮ ಕಡೆ ಬಂದಿರಲಿಲ್ಲ. ಬಂದಿದ್ದರೆ ಅವೇ ಕಾಲಲ್ಲಿ ಕೆದರಿ ಉಳಿದವಕ್ಕೆಲ್ಲ ನೀರು ಮಾಡಿಕೊಟ್ಟಿರುತ್ತಿದ್ದವು. ಸಂಜೆಯ ಆ ಕೊನೆಯ ಕೆಲಸ ಊರಿಗೆ ಊರೇ ಮರೆತುಹೋಯಿತು.

ಉದ್ಘಾಟನೆಯ ದಿನ ಬಂತು. ಕೊಳ್ಳೇಗಾಲದಿಂದ ಜೀಪಿನಲ್ಲಿ ದೊಡ್ಡ ಸಾಹೇಬರು ಬಂದು ರಿಂಗಿಗೆ ಕಟ್ಟಿದ ಕೆಂಪು ಟೇಪು ಕತ್ತರಿಸುವವರಿದ್ದರು. ಅಪ್ಪ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು, ಕೊಟ್ಟಿಗೆಯಲ್ಲಿ ಎತ್ತುಗಳ ಮುಂದೆ ನಿಂತು ಭಾಷಣ ಒಪ್ಪಿಸುತ್ತಿದ್ದ. ಎತ್ತುಗಳು ತಲೆಯಾಡಿಸುತ್ತಿದ್ದವು. ಅವ್ವ ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಏಲಕ್ಕಿ ವಾಸನೆ ಬೀದಿಯವರೆಗೂ ಬರುತ್ತಿತ್ತು. ಅಕ್ಕ ಮತ್ತು ನಾನು ಮಾವಿನೆಲೆಯ ತೋರಣ ಹೊತ್ತು ಬಿಸಿಲು ಏರುವ ಮುಂಚೆ ಹಳ್ಳಕ್ಕೆ ಹೊರಟೆವು.

ದಿಬ್ಬ ಹತ್ತಿದ ಕೂಡಲೇ ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ರಿಂಗಿನ ಹತ್ತಿರ ಒಂದು ಜಿಂಕೆ ನಿಂತಿತ್ತು. ಹಿಂದಿನ ರಾತ್ರಿ ಕೊನೆಯ ಬಿಂದಿಗೆ ಎತ್ತುವಾಗ ನೀರು ಚೆಲ್ಲಿ ಸಿಮೆಂಟಿನ ಪಸೆ ಇನ್ನೂ ಆರದಿದ್ದ ಜಾಗವನ್ನು ಅದು ನೆಕ್ಕುತ್ತಿತ್ತು. ನಾಲಿಗೆ ಸಿಮೆಂಟಿಗೆ ಉಜ್ಜುವ ಸದ್ದು ನಮ್ಮವರೆಗೆ ಕೇಳುತ್ತಿತ್ತು. ಪಕ್ಕೆಯ ಎಲುಬು ಕಾಣುತ್ತಿದ್ದವು. ನಮ್ಮನ್ನು ಕಂಡರೂ ತಟ್ಟನೆ ಓಡಲಿಲ್ಲ. ಓಡುವ ಜಿಂಕೆ ಓಡದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ. ಆಮೇಲೆ ನಿಧಾನಕ್ಕೆ ನಡೆದು ಪೊದೆಯೊಳಗೆ ಹೋಯಿತು.

ಕೆಳಗಿಳಿದು ನೋಡಿದರೆ ರಿಂಗಿನ ಸುತ್ತ ಮರಳೆಲ್ಲ ರಾಗಿ ಕಣ ತುಳಿದ ಹಾಗೆ ತುಳಿದುಹೋಗಿತ್ತು. ದೊಡ್ಡ ಗೊರಸು, ಸಣ್ಣ ಗೊರಸು, ನವಿಲಿನ ಕಾಲು. ಎಲ್ಲವೂ ಸುತ್ತು ಹೊಡೆದಿದ್ದವು. ಅಕ್ಕ ಅಲ್ಲೇ ಮಂಡಿಯೂರಿ ಕೂತಳು. ಇಷ್ಟು ದಿನ ಬಿಂದಿಗೆಗಳ ಗಡಿಬಿಡಿಯಲ್ಲಿ ಆ ಗುರುತುಗಳು ಬೆಳಗಾಗುವಷ್ಟರಲ್ಲಿ ಅಳಿಸಿಹೋಗುತ್ತಿದ್ದವು. ಉದ್ಘಾಟನೆ ಅಂತ ಆವತ್ತು ಯಾರೂ ನೀರಿಗೆ ಬಂದಿರಲಿಲ್ಲ. ಅವಳು ಹೇಳಿದ್ದು ಇಷ್ಟೇ, ಅದೂ ನನಗಲ್ಲ, ತನಗೆ ತಾನೇ. "ದಿನಾ ಬಂದವೆ. ಸುತ್ತಿ ಸುತ್ತಿ ವಾಪಸ್ ಓಗವೆ."

ತೋರಣ ಕಟ್ಟುವುದನ್ನು ಬಿಟ್ಟು ಅವಳು ಮುಳ್ಳುಕೊಂಬೆಗಳನ್ನು ಮುರಿದು ತಂದು ಆ ಹೆಜ್ಜೆಗಳ ಸುತ್ತ ಬೇಲಿ ಹಾಕಿದಳು. ಜನ ಬಂದು ತುಳಿಯಬಾರದು ಅಂತ. ಅಂಗೈಯೆಲ್ಲ ಗೀರಿಕೊಂಡಿತು. ಮನೆಗೆ ಓಡಿ ಹೋಗಿ ಅಪ್ಪನಿಗೆ ಹೇಳಿದಳು. ಅಪ್ಪನಿಗೆ ಆಗ ಭಾಷಣ ಅರ್ಧಕ್ಕೆ ಮರೆತುಹೋಗಿತ್ತು. ಇವತ್ತೊಂದು ದಿನ ಸುಮ್ಮನಿರವ್ವ, ನಾಳೆ ನೋಡೋಣ ಎಂದುಬಿಟ್ಟ. ಅಕ್ಕ ಸುಮ್ಮನಾದಳು ಎಂದರೆ ಒಪ್ಪಿದಳು ಎಂದಲ್ಲ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಡಿಬಿಡಿಯಲ್ಲಿ ಅಪ್ಪ ಮರೆತಿದ್ದ.

ಸಾಹೇಬರು ಬಂದರು. ಶಾಲೆಯ ಬೆಂಚುಗಳ ಮೇಲೆ ಊರ ಹಿರಿಯರು, ಮರಳಿನ ಮೇಲೆ ಗಂಡಸರು, ದೂರದಲ್ಲಿ ಹೊಂಗೆಯ ನೆರಳಿಗೆ ಹೆಂಗಸರು ಮಕ್ಕಳು. ಸಾಹೇಬರು ಒಳ್ಳೆಯ ಮನುಷ್ಯ. ಕತ್ತರಿ ಹಿಡಿಯುವ ಮೊದಲು, ಊರಿನವರದು ಇನ್ನೇನಾದರೂ ಅಹವಾಲು ಇದೆಯೇ ಎಂದು ಕೇಳಿದರು. ಹಾಗೆ ಕೇಳುವುದು ವಾಡಿಕೆ, ಇಲ್ಲ ಸಾ ಅನ್ನುವುದೂ ವಾಡಿಕೆ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಅಕ್ಕ ಎದ್ದಳು. ಲಂಗದ ಚುಂಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಜಿಂಕೆ ರಿಂಗು ನೆಕ್ಕುತ್ತಿದ್ದುದನ್ನು ಒಂದೇ ಉಸಿರಿಗೆ ಹೇಳಿದಳು.

ಹಿರಿಯರೊಬ್ಬರು ಬೆಂಚಿನಿಂದಲೇ ಗದರಿದರು. ಗಂಡಸರ ಸಭೆಯಲ್ಲಿ ಹೆಣ್ಣುಮಗುವಿಗೆ ಬಾಯಿ ಕೊಟ್ಟವರು ಯಾರು ಎಂದು ಇನ್ನೊಬ್ಬರು. ಆಮೇಲೆ ಎಲ್ಲರೂ ಬೈಯುವವರೇ. ಬಂದ ಕೆಲಸಕ್ಕೆ ಕಲ್ಲು ಹಾಕಿದಳು, ಮನೆಯಲ್ಲಿ ಬುದ್ಧಿ ಹೇಳಿಲ್ಲ ಎಂದು ಹೆಂಗಸರೂ ಸೇರಿಕೊಂಡರು. ಅಕ್ಕ ಕೂರಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು, ಜತೆಗೆ ಹೆದರಿಕೆ. ಅಪ್ಪ ಏನಾದರೂ ಅವಳಿಗೆ ಹೊಡೆದುಬಿಟ್ಟರೆ ಎಂದು.

ಅಪ್ಪ ಎದ್ದ. ಸಭೆ ಬಿಟ್ಟು ನೇರ ಆ ಮುಳ್ಳುಬೇಲಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಒರತೆಯ ಅಂಚು ಸವರುತ್ತಿದ್ದ ಹೆಂಗಸರ ಮಗನಲ್ಲವೇ ಅವನೂ. ತಿರುಗಿದಾಗ ಅವನ ಮುಖದಲ್ಲಿ ಭಾಷಣ ಇರಲಿಲ್ಲ.

"ಸಾ, ಈ ಬಾವಿ ಇನ್ನೂ ಮುಗ್ದಿಲ್ಲ ಸಾ. ನಮ್ಮ ಪಾಲು ಮುಗ್ದದೆ ಅಷ್ಟೆ. ಇವತ್ತು ಟೇಪು ಕತ್ತರ್ಸಬ್ಯಾಡಿ."

ಗದ್ದಲ ಎದ್ದಿತು. ಹಿಂದಿನಿಂದ ಯಾರೋ, "ನಿಂಗೆ ಓಟಾಕಿದ್ದು ನಾವಾ, ಜಿಂಕೆಗಳಾ?" ಅಂದರು. ನಗು. ಅಪ್ಪನ ಕಿವಿ ಕೆಂಪಾದವು. ಮುಚ್ಚಳ ತೆಗೆದರೆ ಮತ್ತೆ ಕೊಳೆ ನೀರು, ಮತ್ತೆ ಕಾಯಿಲೆ ಎಂದು ಇನ್ನೊಬ್ಬರು ಹೇಳಿದಾಗ ಯಾರೂ ನಗಲಿಲ್ಲ. ಅದು ನಿಜವಾಗಿತ್ತು. ಅಪ್ಪ ಅವ್ವನ ಕಡೆ ನೋಡಿದ. ಅವ್ವನ ಕಂಕುಳಲ್ಲಿ ನನ್ನ ತಂಗಿ ಇದ್ದಳು.

ಅವ್ವ ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಈಗಲೂ ಸಾಹೇಬರಿಗೆ ಹೇಳಲಿಲ್ಲ, ಸಭೆಗೆ ಬೆನ್ನು ತಿರುಗಿಸಿ ಅಪ್ಪನಿಗೇ ಹೇಳಿದಳು. ಆದರೆ ಎಲ್ಲರಿಗೂ ಕೇಳಿಸಿತು. "ಮುಚ್ಚಳ ತಗ್ಯಾದು ಬ್ಯಾಡ. ಮನೇಲಿರೋ ಕಲ್ಬಾನಿ ತಂದು ಪಕ್ಕದಲ್ಲಿ ಮಡ್ಗು. ಸಂಜೇಲಿ ಕಡೇ ಬಿಂದ್ಗೆ ನಾನ್ ಉಯ್ತೀನಿ."

ಕಲ್ಬಾನಿ ಅಂದರೆ ನಮ್ಮ ದನಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿ. ಅಜ್ಜನ ಕಾಲದ್ದು. ಸಾಹೇಬರು ಕತ್ತರಿಯನ್ನು ತಟ್ಟೆಗೆ ಹಾಕಿ, ಹಾಗಾದರೆ ಪಾನಕವನ್ನಾದರೂ ಕೊಡಿ ಎಂದರು. ಎರಡು ಲೋಟ ಕುಡಿದು, ಅಕ್ಕನನ್ನು ಕರೆದು ಯಾವ ಕ್ಲಾಸು ಎಂದು ಕೇಳಿ ಜೀಪು ಹತ್ತಿದರು. ಟೇಪು ಕತ್ತರಿಸದೆಯೇ ಉದ್ಘಾಟನೆ ಮುಗಿಯಿತು. ಆ ಕೆಂಪು ಟೇಪನ್ನು ಆಮೇಲೆ ಅಕ್ಕ ಜಡೆಗೆ ಕಟ್ಟಿಕೊಂಡು ಹಳೆಯದಾಗುವವರೆಗೂ ಮೆರೆದಳು.

ಮಧ್ಯಾಹ್ನ ಅಪ್ಪ ಬಿಳಿ ಅಂಗಿ ಕಳಚಿಟ್ಟು, ಎತ್ತು ಹೂಡಿ, ಕಲ್ಬಾನಿಗೆ ಸರಪಳಿ ಬಿಗಿದು ಎಳೆಸಿದ. ನಗಾಡಿದವರಲ್ಲಿ ಕೆಲವರು ಬಂದು ಕೈ ಹಾಕಿದರು. ಬರದವರೂ ಇದ್ದರು. ರಿಂಗಿನಿಂದ ಸ್ವಲ್ಪ ದೂರ, ಕಾಡಿನ ಅಂಚಿಗೆ ಅದನ್ನು ಮರಳಲ್ಲಿ ಅರ್ಧ ಹೂತು ಕೂರಿಸಿದರು. ಹೊತ್ತು ಇಳಿಯುವಾಗ ಅವ್ವ ಬಿಂದಿಗೆ ಬಗ್ಗಿಸಿದಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಮೊದಲ ಮಳೆಯಂಥ ವಾಸನೆ ಎದ್ದಿತು. ನಾವು ದಿಬ್ಬದ ಮೇಲೆ ಕಾದು ನಿಂತೆವು. ಒಂದೂ ಬರಲಿಲ್ಲ. ಬೆಳಕು ಹೋಗುತ್ತಿದ್ದಂತೆ ಅಪ್ಪ ನಡೀರಿ ಎಂದ. ದಾರಿಯುದ್ದಕ್ಕೂ ಅಕ್ಕ ತಿರುಗಿ ತಿರುಗಿ ನೋಡುತ್ತಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀರಿಗೆ ಹೋದದ್ದು ಅವ್ವ. ವಾಪಸು ಬಂದು ಬಿಂದಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ತಳ ಕಾಣಂಗೆ ಕುಡ್ದವೆ" ಅಂದಳು. ಅಪ್ಪ ಜೋರಾಗಿ ನಕ್ಕ. ಅಕ್ಕ ಹಳ್ಳಕ್ಕೆ ಓಡಿದಳು, ಅವಳ ಹಿಂದೆ ನಾನು.

ಆಮೇಲೆ ಮನೆಗೊಂದು ದಿನ ಅಂತ ಊರೇ ಸರದಿ ಹಾಕಿಕೊಂಡಿತು. ಹಾಗಂತ ಅಪ್ಪನಿಗೆ ಯಾರೂ ಹಾರ ಹಾಕಲಿಲ್ಲ. ಜಿಂಕೆ ಮೆಂಬರು ಎಂದು ಹೆಸರಿಟ್ಟು, ಮುಂದಿನ ಚುನಾವಣೆಯಲ್ಲಿ ಸೋಲಿಸಿಯೂ ಬಿಟ್ಟರು. ಗೆದ್ದವರ ಮನೆಯ ಸರದಿ ಬಂದಾಗ ಅವರೂ ತಪ್ಪದೆ ನೀರು ಹುಯ್ದರು. ಅಪ್ಪನಿಗೆ ಅಷ್ಟು ಸಾಕಾಗಿತ್ತು.

ಈಗ ನಿಮ್ಮ ಅಡುಗೆಮನೆಯಲ್ಲೇ ನಲ್ಲಿ ಇದೆ ಮಕ್ಕಳೇ. ಅದನ್ನು ನೋಡಿದ್ದರೆ ನಮ್ಮವ್ವ ಇನ್ನೊಂದು ಸಲ ಅಳುತ್ತಿದ್ದಳು, ಸಂತೋಷಕ್ಕೆ. ಆ ಕಾಲವೇ ಚೆನ್ನ ಎಂದು ನಾನು ಹೇಳುವುದಿಲ್ಲ. ಹಳ್ಳದ ರಿಂಗು ಮರಳಲ್ಲಿ ಹೂತುಹೋಗಿದೆ. ಕಾಡಿನೊಳಗಿನ ಹೊಂಡಗಳಿಗೆ ಸೋಲಾರ್ ಪಂಪು ನೀರು ತುಂಬುತ್ತದೆ. ನಮಗಿಲ್ಲದ ತಾಪತ್ರಯ ನಿಮಗಿದೆ. ಜನ ದೇವರಿಗೆ ಹೋಗುವ ಬೆಟ್ಟದ ದಾರಿಯುದ್ದಕ್ಕೂ ಚಿತ್ರಾನ್ನದ ವಾಸನೆ ಹತ್ತಿದ ಪ್ಲಾಸ್ಟಿಕ್ ಕವರುಗಳು, ಅವನ್ನು ಅಗಿಯುವ ಜಿಂಕೆಗಳು.

ಮೊನ್ನೆ ನಮ್ಮ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ಇತ್ತಲ್ಲ, ಅಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಿಮ್ಮಲ್ಲಿ ದೊಡ್ಡವಳು ಸಮವಸ್ತ್ರದಲ್ಲೇ ಎದ್ದು ಮೈಕು ಹಿಡಿದಳು. "ಮೇಡಂ, ಬೆಟ್ಟಕ್ಕೋಗೋರು ಬಿಸಾಕೋ ಕವರ್ನ ಜಿಂಕೆ ತಿಂತವೆ. ಪಂಚಾಯ್ತಿಯವ್ರು ಏನ್ ಮಾಡೀರಿ?" ಎಂದು ಕೇಳಿದಳು. ಅಧ್ಯಕ್ಷರು ಹೆಣ್ಣುಮಗಳು. ಅವರು ಕೈಯಲ್ಲಿದ್ದ ಫೋನು ಕೆಳಗಿಟ್ಟು, ಎದ್ದು ನಿಂತೇ ಉತ್ತರ ಕೊಟ್ಟರು. ಕಾಡಿನ ಗೇಟಿನ ಹತ್ತಿರ ಕವರು ಇಸಿದುಕೊಳ್ಳಲು ಜನ ನಿಲ್ಲಿಸುತ್ತೇವೆ ಎಂದರು. ನಿಲ್ಲಿಸಿದ್ದಾರೆ ಕೂಡ. ದಿನಾ ಅಲ್ಲ, ಜನ ಹೆಚ್ಚು ಬರುವ ಅಮಾವಾಸ್ಯೆಗೆ ಮಾತ್ರ. ಉಳಿದ ದಿನಗಳ ಬಗ್ಗೆ ಮತ್ತೆ ಕೇಳುತ್ತೇನೆ ಎಂದು ಇವಳು ಕಾಯುತ್ತಿದ್ದಾಳೆ.

ಅವತ್ತು ಸಂಜೆ ಯಳಂದೂರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳಿಗೆ ಈಗ ಕಿವಿ ಮಂದ. ನಾನು ಕೂಗಿ ಕೂಗಿ ಹೇಳಬೇಕು.

"ಯಾರೂ ಬೈನಿಲ್ವಾ?" ಎಂದಳು.

"ಇಲ್ಲ ಕಣಕ್ಕ. ಚಪ್ಪಾಳೆ ತಟ್ಟುದ್ರು."

"ಇನ್ನೊಂದ್ಸಲ ಯೋಳು" ಎಂದಳು ಅಕ್ಕ. ನಾನು ಮೊದಲಿನಿಂದ ಹೇಳಿದೆ.