‘ಇಲ್ಲ’ ನುಂಗುವ ಹೆಡ್‌ಸೆಟ್

ಮೊನ್ನೆ ಅಂಗಡಿಯ ಅಟ್ಟ ಸ್ವಚ್ಛ ಮಾಡುವಾಗ ಹಳೇ ಹೆಡ್‌ಸೆಟ್ಟೊಂದು ಕೈಗೆ ಬಂತು. ಕಿವಿಯ ಸ್ಪಂಜು ಪುಡಿಪುಡಿಯಾಗಿ ಬೆರಳಿಗೆಲ್ಲ ಕರಿ ಅಂಟಿತು. ಮೂಸಿ ನೋಡಿದೆ. ನಗಬೇಡಿ, ಮೂಸದೇ ಇರಲಾಗಲಿಲ್ಲ. ಯಾರ್ಯಾರದೋ ತಲೆಯ ಕೊಬ್ಬರಿ ಎಣ್ಣೆ ಇನ್ನೂ ನಾರುತ್ತಿತ್ತು.

ಗೋಕಾಕಿನಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾಲೇಜುಗಳ ಕ್ರೀಡಾಕೂಟಕ್ಕೆ ಮೈಕಿನ ಜೊತೆ ವಾಕಿಟಾಕಿಯನ್ನೂ ಬಾಡಿಗೆಗೆ ಕೊಡುತ್ತಿದ್ದೆ. ಮೈದಾನದ ಮೂಲೆಮೂಲೆಯ ಅಂಪೈರುಗಳ ತಲೆಗೆ ಹೆಡ್‌ಸೆಟ್ ತೊಡಿಸಿ, ವಾಯರನ್ನು ಅಂಗಿಯೊಳಗಿಂದ ಹಾಯಿಸಿ, ಸೊಂಟದ ಸೆಟ್ಟಿಗೆ ಸಿಕ್ಕಿಸುವುದು ನನ್ನ ಕೆಲಸ. ಧೋತರದವರಿಗೆ ಸೆಟ್ಟು ಎಲ್ಲಿ ಕಟ್ಟಬೇಕೆಂಬುದೇ ದೊಡ್ಡ ಪ್ರಶ್ನೆ. ಆಮೇಲೆ ಪೆಂಡಾಲಿನಲ್ಲಿ ಕೂತು ಕಿವಿ ಕೊಟ್ಟರೆ, ಬೆಳಗಿನ ಮಂಜಿನಾಚೆಯಿಂದ ಮನುಷ್ಯರು ಕಾಣದೆ ಬರೀ ಅವರ ಉಸಿರು ತೇಲಿ ಬರುತ್ತಿತ್ತು. ಒಬ್ಬರ ಕೆಮ್ಮು, ಒಬ್ಬರ ಗುನುಗು, ನಡುವೆ ಯಾವುದೋ ಹೊಲದ ನವಿಲು. ಎಚ್ಚರದಲ್ಲಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುತ್ತಿರಲಿಲ್ಲ.

ಆ ಗುನುಗು ಅಣ್ಣಪ್ಪ ಮಾಸ್ತರರದು. ಹುಕ್ಕೇರಿಯ ನಿವೃತ್ತ ಪಿ.ಟಿ. ಮಾಸ್ತರರು, ಅಂಪೈರಿಂಗ್ ಎಂದರೆ ಪ್ರಾಣ. ಯಾರಿಗೂ ಇಲ್ಲ ಎನ್ನಲು ಅವರಿಗೆ ಬಾಯಿ ಬಾರದು. ಅನ್ನಲೇಬೇಕಾದರೆ ಗಂಟಲೊಳಗೇ ಅನ್ನುವರು.

ಆ ವರ್ಷ ಮೂಡಲಗಿಯ ಕೂಟಕ್ಕೆ ವಾಯರಿಲ್ಲದ ಹೊಸ ಹೆಡ್‌ಸೆಟ್ ತಂದಿದ್ದೆ. ಗುಂಡಿ ಒತ್ತುವ ಕೆಲಸವಿಲ್ಲ. ಮಾತಾಡಿದರೆ ತಾನೇ ಚಾಲೂ, ದನಿ ಇಳಿದರೆ ತಾನೇ ಬಂದ್. ಮಾಸ್ತರರಿಗೇ ಹಾಕಿದೆ. ಪರೀಕ್ಷೆಗೆಂದು ಚಹಾ ಬೇಕೇ ಎಂದು ಕೇಳಿದೆ. ‘ಚಾ’ ಎಂದು ಬಂತು, ಕಳಿಸಿದೆ. ಅವರು ಅಂದದ್ದು ‘ಚಾ ಬ್ಯಾಡ’ ಎಂದು ಚಹಾ ಒಯ್ದ ಹುಡುಗ ಬಂದು ಹೇಳಿದ. ಬಂದದ್ದನ್ನು ಒಲ್ಲೆನ್ನಲಾರದೆ ಕುಡಿದರಂತೆ. ಸೆಟ್ಟು ಮಾತಿನ ಬಾಲ ನುಂಗುತ್ತದೆಂದು ನನಗೆ ಆಗಲೇ ಗೊತ್ತಾಯಿತು. ಬದಲಿಸಬೇಕಿತ್ತು. ಆದರೆ ಬಂದವರೆಲ್ಲ ಅದನ್ನೇ ಬೆರಗಿನಿಂದ ನೋಡುತ್ತಿದ್ದರು, ನನಗೂ ಡೌಲು ಬೇಕಿತ್ತು.

ಮಧ್ಯಾಹ್ನ ಹುಡುಗಿಯರ ರಿಲೇ. ನಾಗನೂರ ಕಡೆಯ ಹುಡುಗಿಯೊಬ್ಬಳು ಕೊನೆಯ ಸುತ್ತು ಓಡಿ ತನ್ನ ತಂಡವನ್ನು ಗೆಲ್ಲಿಸಿದಳು. ಗೆದ್ದವರಿಗೆ ಮುಂದಿನ ಕೂಟ ಧಾರವಾಡದಲ್ಲಿ. ಬ್ಯಾಟನ್ ಕೊಡುವಾಗ ಗೆರೆ ದಾಟಿದರೇ ಎಂದು ರೆಫರಿ ಮಾಸ್ತರರನ್ನು ಕೇಳಿದರು. ‘ಫೌಲ್’ ಎಂದು ಬಂತು. ಆ ತಂಡವನ್ನು ಸ್ಪರ್ಧೆಯಿಂದ ಕೈಬಿಟ್ಟಿದ್ದೇವೆಂದು ನನ್ನ ಮೈಕಿನಲ್ಲೇ ಸಾರಿದರು. ಹುಡುಗಿ ನಿಂತಲ್ಲೇ ಕುಸಿದು ಕೂತಳು.

ಅದನ್ನು ಕೇಳಿ ಮಾಸ್ತರರು ಮೈದಾನದಾಚೆಯಿಂದ ಮೊಣಕಾಲು ಎಳೆಯುತ್ತ ಬಂದರು. ತಾವು ಅಂದದ್ದು ‘ಫೌಲ್ ಇಲ್ಲ’ ಎಂದರು. ಫೌಲ್ ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದರು ರೆಫರಿ. ಇಬ್ಬರೂ ಸುಳ್ಳಾಡುವವರಲ್ಲ. ಸೆಟ್ಟಿನ ದೋಷ ಎಂದು ನಾನು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅಂಗಡಿಯ ಹೆಸರು ಹೋದೀತೆಂದು ಮೈಕಿನ ವಾಯರು ಸುತ್ತುತ್ತ ತಲೆ ತಗ್ಗಿಸಿದೆ. ಮಾಸ್ತರರು ನನ್ನನ್ನೊಮ್ಮೆ ನೋಡಿದರು. ಆಮೇಲೆ ರೆಫರಿಗೆ ಹೇಳಿದರು:

“ಹಂಗಾರ ನನ್ನ ಬಾಯಿನ ತಪ್ಪಿರಬೇಕ್ರಿ. ವಯಸ್ಸಾತು. ಆ ಹುಡುಗ್ಯಾರನ್ನ ಧಾರವಾಡಕ್ಕ ಕಳಸ್ರಿ.”

ಹುಡುಗಿ ತನ್ನ ತಂಡದ ಜೊತೆ ಧಾರವಾಡಕ್ಕೆ ಹೋದಳು. ಮಾಸ್ತರರನ್ನು ಮಾತ್ರ ಆಮೇಲೆ ಯಾರೂ ಅಂಪೈರಿಂಗಿಗೆ ಕರೆಯಲಿಲ್ಲ. ನಾನು ಇನ್ನೂ ಎಷ್ಟೋ ಕೂಟಗಳಿಗೆ ಹೋದೆ. ಮಂಜಿತ್ತು, ಉಸಿರಿತ್ತು, ಆ ಗುನುಗು ಇರಲಿಲ್ಲ. ನಾಚಿಕೆಯಾಗುತ್ತಿತ್ತು. ಆದರೂ ಹುಕ್ಕೇರಿಯ ಹಾದಿ ಹಿಡಿಯಲಿಲ್ಲ ನೋಡಿ, ಅಂಥ ಶೂರ ನಾನು.

ಮೊನ್ನೆ ಕೈಯ ಕರಿ ತೊಳೆದುಕೊಂಡು ಹುಕ್ಕೇರಿಯ ಬಸ್ಸು ಹತ್ತಿದೆ. ಮಾಸ್ತರರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಗುರುತು ಹಿಡಿದು, ಬಾಜೂ ಕೂಡ್ರಿಸಿಕೊಂಡರು. ನಾನು ನೆಲ ನೋಡುತ್ತ ಹೇಳಿದೆ:

“ಆವತ್ತ ತಪ್ಪ ನಿಮ್ಮದಲ್ರಿ, ಮಾಸ್ತರ. ಸೆಟ್ ಸರಿ ಇರಲಿಲ್ಲ. ನನಗ ಗೊತ್ತಿತ್ತು.”

“ಕಿವಿ ಕೇಳಸೂದಿಲ್ಲಪಾ. ಜೋರ್ಲೆ ಹೇಳು.”

ಜೋರಾಗಿ ಹೇಳಿದೆ. ಇನ್ನೊಮ್ಮೆ ಎಂದರು. ಮೂರನೆಯ ಸಲ ಕೂಗಿಯೇ ಹೇಳಿದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಎದೆ ಹಗುರಾಯಿತು, ಅಳುವೂ ಬಂತು. ಮಾಸ್ತರರು ತಲೆಯಾಡಿಸಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ, ಗುಳಿಗೆ ತಗೊಂಡಿರೇ ಎಂದು ಮೆಲ್ಲಗೆ ಕೇಳಿದಳು.

“ತಗೊಂಡೇನವ್ವಾ” ಎಂದು ಮಾಸ್ತರರು ತಟ್ಟನೆ ಉತ್ತರ ಕೊಟ್ಟರು.