ಗಡಿಯ ಈಚೆ ಹೂತ ಅಂಟಿನುಂಡೆ

ನಮ್ಮ ಗಾಡಿಗಳ ಸಾಲಿಗೆ ನಾನೇ ಮುಂದಾಳು. ನನ್ನನ್ನು ಯಾರೂ ಓವರ್‌ಟೇಕ್ ಮಾಡುವಂತಿಲ್ಲ. ನಾನು ನಿಲ್ಲಿಸಿದಲ್ಲಿ ನಿಲ್ಲಬೇಕು, ಯಲ್ಲಾ, ಹೊರಡಿ ಎಂದರೆ ಕೈಯಲ್ಲಿರುವ ಚಹಾ ಚೆಲ್ಲಿಯಾದರೂ ಹೊರಡಬೇಕು. ದೋಹಾದಲ್ಲಿರುವ ನಾವು ಕೆಲವು ಕನ್ನಡದ ಮನೆಯವರು ಚಳಿಗಾಲ ಬಂತೆಂದರೆ ಹೀಗೆ ಗಾಡಿ ಕಟ್ಟಿಕೊಂಡು ಹೊರಡುತ್ತೇವೆ. ಮಂಗಳೂರು ಕಡೆಯ ದಂಪತಿಯ ಕ್ಯಾಂಪರ್ ವ್ಯಾನು, ಅದರೊಳಗೇ ಮಂಚ, ಒಲೆ, ಪಾತ್ರೆ ತೊಳೆಯುವ ಜಾಗ. ಕಟ್ಟಡದ ಕೆಲಸದಲ್ಲಿರುವ ಹುಬ್ಬಳ್ಳಿಯವರ ಪಿಕಪ್, ಅದರ ಹಿಂದೆ ಎಳೆದುಕೊಂಡು ಬರುವ ಕಾರವಾನು. ಎಲ್ಲರಿಗಿಂತ ಮುಂದೆ ನನ್ನ ಹಳೆಯ ಫೋರ್‌ವೀಲರ್. ಹೆಂಗಸು ಮುಂದೆ ಹೋಗುವುದೇ ಎಂದು ಮೊದಲ ಸಲ ಗಂಡಸರು ಮೂಗು ಮುರಿದಿದ್ದರು. ಅದೇ ಸಲ ಮರಳಿನಲ್ಲಿ ಹೂತುಕೊಂಡ ಅವರ ಪಿಕಪ್ಪನ್ನು ನನ್ನ ಗಾಡಿಗೆ ಹಗ್ಗ ಕಟ್ಟಿ ಎಳೆದು ತೆಗೆದೆ. ಆಮೇಲೆ ಯಾರೂ ತುಟಿಪಿಟಕ್ ಎಂದಿಲ್ಲ.

ನಮ್ಮ ಮನೆಯವರು ಪಕ್ಕದ ಸೀಟಿನಲ್ಲಿ ಕೂತು ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಾರೆ. ಅವರಿಗೆ ಡ್ರೈವಿಂಗ್ ಎಂದರೆ ಬೇಸರ, ನನಗೆ ಪಕ್ಕದಲ್ಲಿ ಸುಮ್ಮನೆ ಕೂರುವುದೆಂದರೆ ಬೇಸರ. ಸಂಸಾರ ಚೆನ್ನಾಗಿ ನಡೆಯುತ್ತಿದೆ.

ಈ ಸಲದ ಪ್ರಯಾಣ ಮಾತ್ರ ಬರೀ ಡೇರೆ ಹಾಕಿ ಮಾಂಸ ಸುಡುವ ಪ್ರಯಾಣವಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮವ್ವ ಕೂತಿದ್ದಳು. ಧಾರವಾಡದಿಂದ ಹೊರಟು ವಿಮಾನ ಹತ್ತಿ ದೋಹಾದಲ್ಲಿನ ನಮ್ಮ ಅಲ್ ಸದ್ದ್‌ನ ಫ್ಲ್ಯಾಟಿಗೆ ಬಂದಿಳಿದು ಒಂದು ವಾರವಾಗಿತ್ತು. ಅವಳು ಬಂದದ್ದು ನನ್ನನ್ನು ನೋಡುವುದಕ್ಕಲ್ಲ. ಅದನ್ನವಳು ಬಾಗಿಲಲ್ಲೇ ಹೇಳಿಬಿಟ್ಟಿದ್ದಳು.

ನನ್ನ ತಂಗಿ ಗಡಿಯ ಆಚೆ, ಸೌದಿಯ ಹುಫೂಫ್ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲೇ ಕೆಲಸ ಮಾಡುತ್ತಿದ್ದ ಉಡುಪಿ ಕಡೆಯ ಕ್ರಿಶ್ಚಿಯನ್ ಹುಡುಗನನ್ನು ಮೆಚ್ಚಿ ಮದುವೆಯಾದಳು. ಮದುವೆಯಾದ ಮೇಲೆ ಊರಿಗೆ ಫೋನು ಮಾಡಿ ತಿಳಿಸಿದಳು. ಅವ್ವ ಆ ಫೋನಿಟ್ಟವಳು ಮತ್ತೆಂದೂ ತಂಗಿಯ ಫೋನು ಎತ್ತಲಿಲ್ಲ. ಅಂದಿನಿಂದ ಅವರಿಬ್ಬರ ಸುದ್ದಿ ಹೋಗುವುದು ಬರುವುದು ಎಲ್ಲಾ ನನ್ನ ಮೂಲಕ. ಆಕಿ ಹೆಂಗದಾಳಂತ ಎಂದು ಅವ್ವ, ಅವ್ವನ ಮಂಡಿನೋವು ಹೆಂಗೈತಿ ಎಂದು ತಂಗಿ. ಇಬ್ಬರೂ ಜಗಮೊಂಡರು. ನಡುವೆ ಕೆಲವು ವರ್ಷ ಎರಡು ದೇಶಗಳ ಜಗಳದಲ್ಲಿ ಗಡಿಯೇ ಮುಚ್ಚಿತ್ತು, ನಾನೂ ತಂಗಿಯೂ ಇಷ್ಟು ಹತ್ತಿರವಿದ್ದು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಗಡಿ ತೆರೆಯಿತು, ಈ ಎರಡು ಬಾಯಿ ಮಾತ್ರ ತೆರೆಯಲಿಲ್ಲ.

ತಂಗಿಗೆ ಹೆಣ್ಣುಮಗು ಹುಟ್ಟಿತೆಂದು ಹೇಳಿದಾಗ ಅವ್ವ ಒಂದೇ ಮಾತು ಕೇಳಿದಳು.

“ನಿನ್ನ ಗಾಡಿ ಅಲ್ಲೀತನಾ ಹೋಗತೈತೇನು?”

ಹೋಗುತ್ತದೆ ಎಂದೆ. ಹೋಗದಿದ್ದರೆ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ.

ನಮ್ಮ ಕಡೆ ಬಾಣಂತಿಯನ್ನು ನೋಡಲು ತವರಿನವರು ಬರಿಗೈಯಲ್ಲಿ ಹೋಗುವುದಿಲ್ಲ. ಅಂಟಿನುಂಡೆ ಒಯ್ಯಬೇಕು. ಮರದ ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ ಕಾಳು, ಗಸಗಸೆ, ಬೆಲ್ಲ, ತುಪ್ಪ, ಇಷ್ಟೂ ಕೂಡಿಸಿ ತಾಯಿಯೇ ಕಟ್ಟಿದ ಉಂಡೆ. ಅದು ಬರೀ ಸೊಂಟ ಗಟ್ಟಿಯಾಗಲು ತಿನ್ನುವುದಲ್ಲ. ನೀನು ಈ ಮನೆಯ ಮಗಳು ಎಂದು ಊರಿಗೆಲ್ಲ ಕಾಣುವಂತೆ ಹೇಳುವ ರೀತಿ. ತಪ್ಪಾಯಿತು ಎಂಬ ಮಾತು ನಮ್ಮವ್ವನ ಬಾಯಲ್ಲಿ ಈ ಜನ್ಮದಲ್ಲಿ ಬರುವುದಿಲ್ಲ, ಅದು ನನಗೂ ಗೊತ್ತು, ತಂಗಿಗೂ ಗೊತ್ತು. ಉಂಡೆಯೇ ಆ ಮಾತಾಡಬೇಕಿತ್ತು.

ಆದರೆ ಇಲ್ಲೊಂದು ತೊಡಕಿದೆ. ಗಲ್ಫಿಗೆ ಗಸಗಸೆ ತರುವಂತಿಲ್ಲ. ನಮಗದು ಅಡುಗೆಮನೆಯ ಸಾಮಾನು, ಇಲ್ಲಿಯ ಕಾನೂನಿಗೆ ಮಾದಕ ವಸ್ತು. ಒಂದು ಚಿಟಿಕೆ ಸಿಕ್ಕರೂ ಜೈಲಿನ ಮಾತು. ಇದನ್ನು ನಾನು ಅವ್ವನಿಗೆ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ. ಅವಳು ಹೂಂ ಎಂದಿದ್ದಳು. ಅವ್ವನ ಹೂಂ ಎಷ್ಟು ಬಾಳುತ್ತದೆ ಎಂದು ಇಷ್ಟು ವಯಸ್ಸಾದ ಮೇಲೂ ನಾನು ಕಲಿಯಲಿಲ್ಲ ನೋಡಿ.

ಬೆಳಿಗ್ಗೆ ಸಲ್ವಾ ರಸ್ತೆ ಹಿಡಿದೆವು. ಅಬು ಸಮ್ರಾದ ಗಡಿಗೆ ಮುಂಚೆ ಕೊನೆಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲುವುದು ನಮ್ಮ ಪದ್ಧತಿ. ಅಲ್ಲಿ ನಾನು ಗಾಡಿಯಿಂದ ಗಾಡಿಗೆ ಹೋಗಿ ಎಲ್ಲರನ್ನೂ ಕೇಳುತ್ತೇನೆ. ಡಾಕ್ಟರ ಚೀಟಿಯಿಲ್ಲದ ಗುಳಿಗೆ ಇದೆಯೇ, ಊರಿನ ಮಸಾಲೆಪುಡಿಯಲ್ಲಿ ಗಸಗಸೆ ಬಿದ್ದಿದೆಯೇ, ಇದ್ದರೆ ಈಗಲೇ ಹೇಳಿ ಎಂದು. ಅಂದೂ ಕೇಳಿದೆ. ಹುಬ್ಬಳ್ಳಿಯವರ ಮಸಾಲೆಖಾರದ ಪೊಟ್ಟಣ ತೆಗೆಸಿ, ಮೂಸಿ ನೋಡಿ, ಅನುಮಾನ ಬಂದು ಕಸದ ಬುಟ್ಟಿಗೆ ಹಾಕಿಸಿ ಒಂದು ಭಾಷಣವನ್ನೂ ಬಿಗಿದೆ. ಪಾಪ, ಅವರು ಪೆಚ್ಚಾಗಿ ನಿಂತರು.

ಅಷ್ಟರಲ್ಲಿ ನನ್ನ ಗಾಡಿಯ ಹತ್ತಿರದಿಂದ ಕ್ಯಾಂಪರ್ ವ್ಯಾನಿನ ಮಂಗಳೂರು ಹೆಂಗಸಿನ ದನಿ ಕೇಳಿತು. ಅವ್ವ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ರಸ್ತೆಯ ಕುಲುಕಾಟಕ್ಕೆ ಉಂಡೆ ಒಡೆದಿವೆಯೇ ಎಂದು ನೋಡುತ್ತಿದ್ದಳಂತೆ. ಆ ಮಂಗಳೂರಿನವರು ಬಗ್ಗಿ ನೋಡಿ ಮನಸಾರೆ ಹೊಗಳುತ್ತಿದ್ದರು.

“ಎಂಥ ಹದ ಹುರಿದಿದ್ದೀರಿ ಅಮ್ಮಾ ಗಸಗಸೆ! ಇಲ್ಲಿಗೆ ಬಂದ ಮೇಲೆ ನಾನು ಕಣ್ಣಲ್ಲಿ ಕಂಡದ್ದೇ ಇಲ್ಲ ಮಾರಾಯ್ರೆ.”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಹೊಳೆಯಿತು. ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಊರ ಜನರ ಪೊಟ್ಟಣಗಳನ್ನೆಲ್ಲ ಮೂಸಿದವಳು ನನ್ನ ಸ್ವಂತ ಅವ್ವನ ಡಬ್ಬಿ ತೆಗೆದು ನೋಡಿರಲಿಲ್ಲ. ಆ ಡಬ್ಬಿ ದೋಹಾದ ವಿಮಾನ ನಿಲ್ದಾಣ ದಾಟಿ, ವಾರವಿಡೀ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತ್ತು.

ಯಾಕೆ ಹೀಗೆ ಮಾಡಿದೆ ಎಂದು ಸಿಟ್ಟಿನಿಂದಲೇ ಕೇಳಿದೆ. ಅವ್ವ ಡಬ್ಬಿಯನ್ನು ಎದೆಗವಚಿಕೊಂಡಳು.

“ಗಸಗಸಿ ಇಲ್ಲದ ಉಂಡಿ ಬಾಣಂತಿಗೆ ಯಾರು ಕೊಡತಾರವಾ? ಮೊದಲಽ ಆಕಿಗೆ ನನ್ನ ಮ್ಯಾಲೆ ಸಿಟ್ಟೈತಿ. ಅರ್ಧಮರ್ಧ ಮಾಡಿ ಒಯ್ದರ, ಅವ್ವ ಬೇಕಂತನ ಹಿಂಗ ಮಾಡ್ಯಾಳ ಅಂತ ತಿಳಕೋತಾಳ.”

ನನ್ನ ಸಿಟ್ಟು ಅಲ್ಲೇ ಅರ್ಧಕ್ಕೆ ಇಳಿಯಿತು. ಆದರೂ ಉಂಡೆ ಗಡಿ ದಾಟುವಂತಿರಲಿಲ್ಲ. ಒಂದು ಡಬ್ಬಿಯಿಂದ ಮೂರು ಗಾಡಿಯ ಜನ ಸಿಕ್ಕಿಬೀಳುತ್ತಿದ್ದರು. ಅದನ್ನು ಹೇಳಿದೆ. ಹಾಗಾದರೆ ತಾನೇ ಬರುವುದಿಲ್ಲ, ಬರಿಗೈಯಲ್ಲಿ ಅವಳ ಹೊಸ್ತಿಲು ತುಳಿಯುವುದಿಲ್ಲ, ತನ್ನನ್ನು ವಾಪಸು ಬಿಟ್ಟು ಬಾ ಎಂದು ಅವ್ವ ಮುಖ ತಿರುಗಿಸಿ ಕೂತಳು. ನಮ್ಮ ಮನೆಯವರು ಏನೋ ಸಮಾಧಾನ ಹೇಳಲು ಹೋದರು, ನಾನು ಕಣ್ಣಲ್ಲೇ ಸುಮ್ಮನಿರಿಸಿದೆ. ಇದು ತಾಯಿ ಮಗಳ ವ್ಯವಹಾರ. ಬಾಗಿಲಿಗೆ ಒರಗಿ ನಿಂತು ಮೆತ್ತಗೆ ಹೇಳಿದೆ.

“ಅವ್ವಾ, ಆಕಿ ಬಾಗಲಾ ನೋಡಕೋತ ಕುಂತಿರತಾಳ. ನೀ ಬರತಿ ಅಂತ. ಉಂಡಿ ಬರತಾವಂತ ಅಲ್ಲ.”

ಅವ್ವ ಡಬ್ಬಿ ಹಿಡಿದುಕೊಂಡು ತಾನೇ ಇಳಿದಳು. ಕಸದ ಬುಟ್ಟಿ ತೋರಿಸಿದರೆ ಒಪ್ಪಲಿಲ್ಲ. ಬಾಣಂತಿಗೆಂದು ಕಟ್ಟಿದ್ದನ್ನು ಕಸಕ್ಕೆ ಹಾಕಬಾರದು, ಮಣ್ಣಿಗೆ ಕೊಡಬೇಕು ಎಂದಳು. ಸರಿ, ಹುಬ್ಬಳ್ಳಿಯವರು ಪಿಕಪ್ಪಿನಿಂದ ಸಲಿಕೆ ತಂದರು. ಬಂಕಿನ ಹಿಂದೆ, ದೂರದಲ್ಲಿ, ಮರಳು ತೋಡಿದರು. ಅವ್ವ ಉಂಡೆಗಳನ್ನು ಒಂದೊಂದಾಗಿ ಇಟ್ಟಳು, ಮಲಗಿದ ಮಕ್ಕಳನ್ನು ಇಡುವ ಹಾಗೆ. ಗಡಿಯ ಹತ್ತಿರ ಸಲಿಕೆ ಹಿಡಿದು ಗುಂಡಿ ತೋಡುವ ಪರದೇಶಿಗಳನ್ನು ಪೊಲೀಸರು ಯಾರಾದರೂ ನೋಡಿದ್ದರೆ ನಮ್ಮ ಕಥೆ ಅಲ್ಲಿಗೇ ಖಲಾಸ್. ಆದರೆ ಆ ಹೊತ್ತಿನಲ್ಲಿ ನನಗೆ ನಗು ಬರಲಿಲ್ಲ. ಅವ್ವನ ಬೆನ್ನು ನೋಡಿ ಅಳು ಬಂತು. ಮಂಗಳೂರಿನವರು ಡಬ್ಬಿಯನ್ನು ವ್ಯಾನಿನಲ್ಲಿ ಸಾಬೂನು ಹಾಕಿ ಉಜ್ಜಿ ಉಜ್ಜಿ ತೊಳೆದುಕೊಟ್ಟರು. ತಮ್ಮ ಬಾಯಿಯಿಂದಲೇ ಹೀಗಾಯಿತು ಎಂದು ಅವರಿಗೆ ಬೇರೆ ಸಂಕಟ. ಅವರ ಬಾಯಿಯೇ ನಮ್ಮೆಲ್ಲರನ್ನು ಉಳಿಸಿತು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಖತರಿನ ಕಡೆ ಸುಲಭವಾಗಿ ಮುಗಿಯಿತು. ಸೌದಿಯ ಕಡೆ ಎಲ್ಲರೂ ಇಳಿದು ಸಾಮಾನು ತೆರೆದು ತೋರಿಸಬೇಕು. ಮಂಡಿನೋವಿನ ಅವ್ವ ಮಾತ್ರ ಇಳಿಯದೆ, ಖಾಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದಳು. ಎಳೆವಯಸ್ಸಿನ ಅಧಿಕಾರಿ ಅದನ್ನು ತೆರೆಸಿದ, ಒಳಗೇನೂ ಇಲ್ಲದ್ದನ್ನು ಕಂಡು, ಇಷ್ಟು ಜೋಪಾನವಾಗಿ ಖಾಲಿ ಡಬ್ಬಿ ಯಾಕೆ ಎಂದು ಕೇಳಿದ. ನನ್ನ ಆಫೀಸಿನ ಮುರುಕು ಅರಬ್ಬಿಯಲ್ಲಿ ಹೇಳಿದೆ, ಇವರ ಮಗಳಿಗೆ ಇಲ್ಲಿ ಮಗು ಹುಟ್ಟಿದೆ, ಅವಳಿಗೆ ತಿನಿಸು ಒಯ್ಯಲು ಎಂದು. ಗಂಡೋ ಹೆಣ್ಣೋ ಎಂದು ಕೇಳಿ ಮಬ್ರೂಕ್ ಎಂದು ಶುಭ ಹಾರೈಸಿದ. ಮುಚ್ಚಳವನ್ನು ತಾನೇ ಮುಚ್ಚಿ ಅವ್ವನ ಕೈಗೆ ಕೊಟ್ಟು, ಯಲ್ಲಾ ಎಂದು ಕೈ ಬೀಸಿದ.

ಗಡಿ ದಾಟಿದೆವು, ಅವ್ವನ ಮಾತು ಮಾತ್ರ ಹೊರಡಲಿಲ್ಲ. ಎರಡೂ ಕಡೆ ಬರೀ ಮರಳು. ಕಡಲೆಕಾಯಿ ಕೊಟ್ಟರೆ ಬೇಡ, ನೀರು ಕೊಟ್ಟರೆ ಬೇಡ. ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ ಗಾಡಿ ಓಡಿಸಿದೆ. ಹುಫೂಫ್ ಹತ್ತಿರವಾಗಿ ಖರ್ಜೂರದ ತೋಟಗಳು ಶುರುವಾದಾಗ ನನ್ನ ತಲೆಯಲ್ಲಿ ಒಂದು ವಿಚಾರ ಬಂತು. ತಂಗಿಯ ಮನೆಯ ತಿರುವು ಬಿಟ್ಟು ನೇರ ಹಳೆಯ ಪೇಟೆಗೆ ಹೊರಳಿಸಿದೆ. ಹಿಂದಿನ ಗಾಡಿಗಳೂ ಹೊರಳಿದವು. ಮುಂದಾಳು ಎಂದರೆ ಹೀಗಿರಬೇಕು, ಯಾಕೆ ಎಂದು ಯಾರೂ ಕೇಳಬಾರದು.

ಪೇಟೆಯಲ್ಲಿ ಕರಿ ಅಬಾಯಾ ಹಾಕಿದ ವಯಸ್ಸಾದ ಹೆಂಗಸೊಬ್ಬಳು ನೆಲದ ಮೇಲೆ ಚೀಲಗಳನ್ನಿಟ್ಟುಕೊಂಡು ಕೂತಿದ್ದಳು. ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ನಾನು ಹೇಳಿದ್ದೇ ತಡ, ಬೇರೇನೂ ಕೇಳದೆ ಒಂದು ಚೀಲದ ಬಾಯಿ ಬಿಚ್ಚಿ, ಹಿಡಿ ತುಂಬ ಕೆಂಪು ಕಾಳು ತೆಗೆದು ಅವ್ವನ ಅಂಗೈಗೆ ಸುರಿದಳು. ಅವ್ವ ನೋಡಿದಳು, ಹಲ್ಲಿನಲ್ಲಿ ಕಚ್ಚಿದಳು, ನನ್ನ ಕಡೆ ತಿರುಗಿದಳು. ಉಂಡೆ ಹೂತ ಮೇಲೆ ಅವಳಾಡಿದ ಮೊದಲ ಮಾತು ಅದು. ಇದು ಅಳವಿ, ಇವರೂ ಬಾಣಂತಿಗೆ ಅಳವಿ ಕೊಡುತ್ತಾರೆ ನೋಡು ಎಂದಳು. ಇಬ್ಬರು ಮುದುಕಿಯರು ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ, ಸೊಂಟ ಮುಟ್ಟಿ ತೋರಿಸಿ, ಎದೆಹಾಲಿನ ಸನ್ನೆ ಮಾಡಿ, ತಲೆಯಾಡಿಸಿಕೊಂಡು ಬೇಕಾದಷ್ಟು ಮಾತಾಡಿದರು. ಅಂಟೂ ಅವಳ ಹತ್ತಿರವೇ ಸಿಕ್ಕಿತು. ಖರ್ಜೂರಕ್ಕಂತೂ ಆ ಊರೇ ಹೆಸರುವಾಸಿ.

ಪೇಟೆಯ ಹೊರಗೆ ಬಯಲಿನಲ್ಲಿ ಗಾಡಿಗಳನ್ನು ಅಡ್ಡ ನಿಲ್ಲಿಸಿದೆವು, ಒಲೆಗೆ ಗಾಳಿ ಬಡಿಯದ ಹಾಗೆ. ಕ್ಯಾಂಪರ್ ವ್ಯಾನಿನ ಒಲೆ ಹೊತ್ತಿತು. ಮಂಗಳೂರಿನವರು ತಮ್ಮ ಕಪಾಟಿನಿಂದ ಓಲೆಬೆಲ್ಲ, ಒಣಕೊಬ್ಬರಿ, ತುಪ್ಪ ತೆಗೆದುಕೊಟ್ಟರು. ಅವ್ವ ಸೆರಗು ಸಿಕ್ಕಿಸಿಕೊಂಡು ನಿಂತು ನಮಗೆಲ್ಲ ಕೆಲಸ ಹಚ್ಚಿದಳು. ಹುಬ್ಬಳ್ಳಿಯವರು ಖರ್ಜೂರದ ಬೀಜ ತೆಗೆದರು, ನಮ್ಮ ಮನೆಯವರು ಕೊಬ್ಬರಿ ತುರಿದು ಬೆರಳು ಹೆರೆದುಕೊಂಡರು. ನನಗೆ ಪಾತ್ರೆ ಹಿಡಿದುಕೊಳ್ಳುವ ಕೆಲಸ, ಅದನ್ನೂ ಸರಿಯಾಗಿ ಹಿಡಿ ಎಂದು ಬೈಸಿಕೊಂಡೆ. ಬೈಗುಳ ಕೇಳಿ ನನಗೆ ಜೀವ ಬಂದಂತಾಯಿತು. ಅಂದಿನ ಮುಂದಾಳುತನ ಅಲ್ಲಿಂದ ಅವಳದೇ.

ಬಿಸಿಯಿರುವಾಗಲೇ ಉಂಡೆ ಕಟ್ಟಿ ಡಬ್ಬಿ ತುಂಬಿದಳು. ಮುಚ್ಚಳ ಹಾಕುವ ಮೊದಲು ಒಂದು ಗಳಿಗೆ ತಡೆದು, ಒಂದು ಸಾಮಾನು ಕಡಿಮೆಯಾಯಿತಲ್ಲ ಎಂದಳು. ಯಾವುದು ಎಂದು ಯಾರೂ ಕೇಳಲಿಲ್ಲ.

ಬಾಗಿಲು ತೆರೆದದ್ದು ತಂಗಿಯ ಗಂಡ. ಬನ್ನಿ ಅಮ್ಮ ಎಂದು ಬಗ್ಗಿ ಕಾಲು ಮುಟ್ಟಿದ. ಅವ್ವ ಅವನ ತಲೆಯ ಮೇಲೆ ಕೈಯಿಟ್ಟಳೋ, ದಾರಿ ಬಿಡು ಎಂದು ಸರಿಸಿದಳೋ, ನನಗೆ ಇಂದಿಗೂ ಖಚಿತವಿಲ್ಲ. ಒಳಗೆ ತಂಗಿ ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವ್ವ ಮಂಚದ ಅಂಚಿಗೆ ಕೂತು, ಡಬ್ಬಿ ತೆರೆದು, ಒಂದು ಉಂಡೆ ತೆಗೆದು ಮಗಳ ಬಾಯಿಗೆ ಹಿಡಿದಳು.

ತಂಗಿ ಕಚ್ಚಿದಳು. ಅಗಿದಳು. ಅವಳ ಹುಬ್ಬು ಗಂಟಿಕ್ಕಿದ್ದು ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ.

“ಗಸಗಸಿ ಹಾಕಿಲ್ಲಲ್ಲ ಬೇ ಇದರಾಗ,” ಎಂದಳು.

ಸಣ್ಣವಳಿದ್ದಾಗ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಮುಂದೆ ಕೂತು ಗೊಣಗುತ್ತಿದ್ದ ಅದೇ ದನಿ. ಅಷ್ಟು ವರ್ಷ ಮಾತು ಬಿಟ್ಟವಳು ಎಂದು ಯಾರೂ ಹೇಳುವಂತಿರಲಿಲ್ಲ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು.

“ಹಾಕಿದ್ದೆ. ನಿಮ್ಮಕ್ಕ ಹುಗಸಿ ಬಂದಾಳ,” ಎಂದಳು. ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು, ತಲೆಯೆತ್ತದೆ ಹೇಳಿದಳು, “ಮುಂದಿನ ಬಾಣಂತನಕ್ಕ ಮನಿಗೆ ಬಾ. ಅಲ್ಲೆ ಹಾಕಬ್ಯಾಡ ಅನ್ನವರು ಯಾರೂ ಇಲ್ಲ.”

ತಂಗಿ ಕಣ್ಣೊರೆಸಿಕೊಂಡು ಇನ್ನೊಂದು ಉಂಡೆಗೆ ಕೈ ಹಾಕಿದಳು.